ದಾಂಪತ್ಯದ ಗುಟ್ಟು ಮತ್ತು ಸತ್ಯಾಣುವ್ರತ

ನ್ಯಾಯಾಲಯವನ್ನೂ ಮನೆಯನ್ನೂ ಒಂದೇ ಕಥೆಯಲ್ಲಿ ಹೆಣೆಯುವ ರೋಚಕ ಕಾದಂಬರಿಗಳಲ್ಲಿ ವ್ರತವಿಚಾರವನ್ನು ಅರಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಅವು ಎತ್ತುವ ಪ್ರಶ್ನೆ ಗೃಹಸ್ಥಧರ್ಮದ್ದೇ ಆಗಿದೆ: ದಂಪತಿಗಳ ನಡುವಣ ಗುಟ್ಟನ್ನು ಎಲ್ಲಿಯವರೆಗೆ ಕಾಪಾಡಬೇಕು?

ಅಮೆರಿಕದ ವಕೀಲ ಸ್ಕಾಟ್ ಟುರೋ 1987ರಲ್ಲಿ ಪ್ರಕಟಿಸಿದ ‘ಪ್ರಿಸ್ಯೂಮ್ಡ್ ಇನ್ನೊಸೆಂಟ್’ ಈ ಬಗೆಯ ಕೃತಿಗಳಲ್ಲಿ ಪ್ರಸಿದ್ಧವಾದುದು. ಅದರ ನಾಯಕ, ಸರಕಾರಿ ವಕೀಲ ಸಬಿಚ್, ಸಹೋದ್ಯೋಗಿನಿಯೊಬ್ಬಳೊಡನೆ ಗುಪ್ತಸಂಬಂಧವಿದ್ದವನು. ಆಕೆಯ ಕೊಲೆಯಾದಾಗ ಆರೋಪ ಅವನ ಮೇಲೆಯೇ ಬರುತ್ತದೆ. ಮೊಕದ್ದಮೆ ವಜಾ ಆಗಿ ಬಿಡುಗಡೆ ಹೊಂದಿದ ಮೇಲೆ, ಕೊಂದವಳು ತನ್ನ ಪತ್ನಿಯೇ ಎಂದು ಅವನು ಅರಿಯುತ್ತಾನೆ. ಮಗನಿಂದ ತಾಯಿಯನ್ನು ಕಸಿಯಲಾರದೆ ಮೌನ ವಹಿಸುತ್ತಾನೆ. ಈ ಮೌನ ಧರ್ಮವೇ?

ಅವಸರದ ಉತ್ತರಕ್ಕೆ ನಮ್ಮ ಶಾಸ್ತ್ರ ಎಡೆಗೊಡುವುದಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’ವೂ ಒಂದು. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲುಮಾಡುವುದೇ ಅದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ವಿಪತ್ತನ್ನು ತರುವ ನಿಜವನ್ನೂ ಶ್ರಾವಕನು ನುಡಿಯಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಅಂದರೆ ನಿಜವನ್ನೇ ಆಡಿಯೂ ವ್ರತಕ್ಕೆ ದೋಷ ತಗುಲಬಹುದು. ಹಾಗಾದರೆ ಸಬಿಚ್ ಕೂಡ ಈ ಮಾತಿನ ಆಶ್ರಯ ಪಡೆಯಬಹುದಲ್ಲವೇ?

ಇದನ್ನು ತೂಗಿನೋಡಲು ಜನ್ನಕವಿಯ ಯಶೋಧರ ಚರಿತೆ (1209) ನೆರವಾಗುತ್ತದೆ. ರಾಣಿ ಅಮೃತಮತಿ ಮಾವುತನ ಬಳಿ ಹೋಗುವುದನ್ನು ಯಶೋಧರನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆ ರಾತ್ರಿಯ ಮೌನದಲ್ಲಿ ಸಂಯಮವಿದೆ. ಬೆಳಗಾದ ಮೇಲೆ ತಾಯಿ ಚಂದ್ರಮತಿ ಕಾರಣ ಕೇಳಿದಾಗ ಅವನು ಮೌನವಾಗಿ ಉಳಿಯದೆ, ಕೆಟ್ಟ ಕನಸು ಕಂಡೆನೆಂದು ಕಥೆ ಕಟ್ಟುತ್ತಾನೆ. ಕನಸಿನ ದೋಷ ಕಳೆಯಲು ತಾಯಿ ಬಲಿಯನ್ನು ಸೂಚಿಸುತ್ತಾಳೆ. ಜೀವಬಲಿಗೆ ಒಪ್ಪದ ಮಗ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಸಂಕಲ್ಪಹಿಂಸೆ ತಾಯಿ ಮಗ ಇಬ್ಬರನ್ನೂ ಭವಭವಗಳಲ್ಲಿ ಪ್ರಾಣಿಜನ್ಮಕ್ಕೆ ನೂಕುತ್ತದೆ. ಹಿಟ್ಟಿನ ಕೋಳಿಯನ್ನು ನಾವೆಲ್ಲರೂ ನೆನಪಿಡುತ್ತೇವೆ. ಅದಕ್ಕೆ ಮುನ್ನಿನ ಹುಸಿಗನಸನ್ನು ಮರೆಯುತ್ತೇವೆ. ಹಿಂಸೆಗೆ ಬಾಗಿಲು ತೆರೆದದ್ದು ಆ ಹುಸಿಯೇ.

ಮೌನಕ್ಕೂ ಮಾಯೆಗೂ ಇರುವ ಅಂತರ ಇದು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳು ನೀಗದೆ ಯಾರೂ ವ್ರತಿಯಾಗಲಾರರು. ಪರರ ಮಾನ ಕಾಯುವ ಮೌನದಲ್ಲಿ ಮುಳ್ಳಿಲ್ಲ. ತನ್ನ ದೋಷವನ್ನು ಮುಚ್ಚುವ ಮೌನ ಒಳಗೇ ಕೀವುಗಟ್ಟುತ್ತದೆ. ಸಬಿಚ್‌ನ ಮೌನ ಮಗನಿಗೆ ತಾಯಿಯನ್ನು ಉಳಿಸಿತು, ನಿಜ. ಆದರೆ ಸತ್ತವಳೂ ಒಂದು ಜೀವವಲ್ಲವೇ? ಅಹಿಂಸೆಯ ರಕ್ಷಣೆಗೆಂದು ಇರುವ ಸತ್ಯವ್ರತವು ಹಿಂಸೆಯನ್ನು ಮುಚ್ಚಿಡುವ ಹೊದಿಕೆಯಾಗಲಾರದು.

ನಮ್ಮ ದೇಶದ ಕಾನೂನೂ ಈ ಗಡಿಯನ್ನು ಗುರುತಿಸಲು ಯತ್ನಿಸಿದೆ. 1872ರ ಸಾಕ್ಷ್ಯ ಅಧಿನಿಯಮದ 122ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೆಯ ಕಲಮಾಗಿ, ಪತಿಪತ್ನಿಯರು ಪರಸ್ಪರ ಆಡಿಕೊಂಡ ಮಾತಿಗೆ ರಕ್ಷಣೆ ನೀಡುತ್ತದೆ. ಅವರಿಬ್ಬರ ನಡುವಿನ ವ್ಯಾಜ್ಯದಲ್ಲಿ ಆ ರಕ್ಷಣೆ ಇಲ್ಲ. ಒಬ್ಬರು ಮತ್ತೊಬ್ಬರಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡ ಮಾತುಕತೆಯನ್ನೂ ವಿಚ್ಛೇದನ ಪ್ರಕರಣದಲ್ಲಿ ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈ 14ರಂದು ತೀರ್ಪಿತ್ತಿತು. ಆದರೆ ಮಾತು ಯಂತ್ರದಲ್ಲಿ ಸೆರೆಯಾಗುವ ಹೊತ್ತಿಗೆ ನಂಬಿಕೆ ಮನೆ ಬಿಟ್ಟು ಹೋಗಿರುತ್ತದೆ. ಕಾನೂನು ಗುಟ್ಟನ್ನು ಹೊರತೆಗೆಯಬಲ್ಲದು, ಮುಳ್ಳನ್ನು ಕೀಳಲಾರದು.

ಅದಕ್ಕೆ ನಮ್ಮಲ್ಲಿರುವ ಉಪಾಯ ಆಲೋಚನೆ ಮತ್ತು ಪ್ರತಿಕ್ರಮಣ: ದೋಷವನ್ನು ಮರೆಮಾಚದೆ ನಿವೇದಿಸುವುದು, ಅದರಿಂದ ಹಿಂದಿರುಗುವುದು. ಕುಂದಿಲ್ಲದ ದಾಂಪತ್ಯವಿಲ್ಲ, ಕುಂದನ್ನು ಹೇಳಿಕೊಳ್ಳಲು ಎಡೆಯಿರುವ ದಾಂಪತ್ಯವಿದೆ. ಕ್ಷಮಾವಣಿಯಂದು ಊರಿನವರೆಲ್ಲರ ಮುಂದೆ ಕೈಮುಗಿದು ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಬೇಡುತ್ತೇವೆ. ಆ ದಿನ ಮನೆಯೊಳಗಿನ ಒಬ್ಬರ ಮುಂದೆ, ತಿಳಿದೇ ಮಾಡಿದ ಒಂದು ತಪ್ಪನ್ನು ಹೆಸರಿಸಿ ಕ್ಷಮೆ ಕೇಳುವುದು ಅದಕ್ಕಿಂತ ಕಠಿಣವಾದ ವ್ರತ.