ಕಾಣದಿರುವುದು ಮತ್ತು ಇಲ್ಲದಿರುವುದು

ಒಂದು ವಸ್ತು ಕಾಣುತ್ತಿಲ್ಲವೆಂಬ ಕಾರಣಕ್ಕೆ ಅದು ಇಲ್ಲವೆಂದು ಹೇಳಬಹುದೇ, ಹೇಳಬಹುದಾದರೆ ಯಾವ ಷರತ್ತಿನ ಮೇಲೆ ಎಂಬುದು ಭಾರತೀಯ ಪ್ರಮಾಣಶಾಸ್ತ್ರದ, ಅಂದರೆ ಸರಿಯಾದ ಜ್ಞಾನಕ್ಕೆ ಸಾಧನಗಳಾವುವು ಎಂದು ವಿಚಾರಿಸುವ ಶಾಸ್ತ್ರದ, ಬಹು ಹಳೆಯ ಪ್ರಶ್ನೆಗಳಲ್ಲೊಂದು. ಇದು ದೇವರ ಇರವಿನ ಚರ್ಚೆಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ಮನೆಯ ಕಂಪ್ಯೂಟರಿಗೆ ವೈಫೈ ಸಿಗದೆ ಹೋದಾಗ ತೊಡಕಿನ ಮೂಲ ಹುಡುಕುವವರೂ ಮೊದಲ ಹೆಜ್ಜೆಯಲ್ಲೇ ಇದನ್ನು ಎದುರಿಸುತ್ತಾರೆ. ಅವರು ವ್ಯವಹರಿಸುತ್ತಿರುವ ರೇಡಿಯೊ ತರಂಗ ಎಂದೂ ಕಣ್ಣಿಗೆ ಬೀಳುವಂಥದಲ್ಲ. ಕೈಗೆ ಸಿಗುವುದು ಪರದೆಯ ಮೇಲಿನ ಹೆಸರುಗಳ ಪಟ್ಟಿ ಮತ್ತು ಒಂದೆರಡು ಸೂಚನೆಗಳಷ್ಟೇ. ಆ ಪಟ್ಟಿಯಲ್ಲಿ ತಮ್ಮ ಮನೆಯ ನೆಟ್‌ವರ್ಕಿನ ಹೆಸರು ಬಾರದಿದ್ದರೆ ರೌಟರ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಸಹಜ, ಮತ್ತು ಹಲವು ಸಲ ತಪ್ಪು.

ಕುಮಾರಿಲಭಟ್ಟರನ್ನು ಅನುಸರಿಸುವ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ವಸ್ತು ತಿಳಿದುಬರದಿರುವುದನ್ನೇ, ಅಭಾವವನ್ನು ತಿಳಿಸುವ ಆರನೆಯ ಪ್ರಮಾಣವೆಂದು ಒಪ್ಪಿದರು. ನೆಲದ ಮೇಲೆ ಮಡಕೆ ಇಲ್ಲವೆಂದು ತಿಳಿಯುವುದು ಈ ಚರ್ಚೆಯ ಪ್ರಸಿದ್ಧ ಉದಾಹರಣೆ. ಆದರೆ ಬರಿಯ ಅನುಪಲಬ್ಧಿ ಸಾಲದು, ಅದು ಯೋಗ್ಯಾನುಪಲಬ್ಧಿ ಆಗಿರಬೇಕು ಎಂಬುದು ಈ ವಿಚಾರದ ಜೀವಾಳ: ಮಡಕೆ ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಷ್ಟು ಬೆಳಕು, ದೃಷ್ಟಿ, ಗಮನ ಎಲ್ಲವೂ ಇದ್ದೂ ಅದು ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧವಾಗುತ್ತದೆ, ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂಬುದರಿಂದ ಏನೂ ಸಿದ್ಧವಾಗುವುದಿಲ್ಲ.

ಲ್ಯಾಪ್‌ಟಾಪಿನೊಳಗಿನ ವೈಫೈ ಅಡಾಪ್ಟರ್ ಈ ಷರತ್ತನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಡುತ್ತದೆ. ಹಳೆಯ ಅಡಾಪ್ಟರ್‌ಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ ಮಾತ್ರ ಕೇಳಬಲ್ಲವು; ರೌಟರ್ 5 ಗಿಗಾಹರ್ಟ್ಸ್‌ನಲ್ಲಷ್ಟೇ ಪ್ರಸಾರ ಮಾಡುತ್ತಿದ್ದರೆ, ಅದು ಪಕ್ಕದಲ್ಲೇ ಇದ್ದರೂ ಅದರ ಹೆಸರು ಪರದೆಯ ಪಟ್ಟಿಗೆ ಬರುವುದಿಲ್ಲ. 2.4 ಗಿಗಾಹರ್ಟ್ಸ್‌ನ ಒಳಗೇ ಅಮೆರಿಕದ ನಿಯಮಕ್ಕೆ ಹೊಂದಿಸಿದ ಅಡಾಪ್ಟರ್‌ಗಳು ಸಾಮಾನ್ಯವಾಗಿ 12 ಮತ್ತು 13ನೆಯ ಚಾನೆಲ್‌ಗಳಿಗೆ ಕಿವಿಗೊಡುವುದಿಲ್ಲ. ಇಲ್ಲಿ ದೋಷ ಪ್ರಮೇಯದಲ್ಲಿ, ಅಂದರೆ ತಿಳಿಯಬೇಕಾದ ವಸ್ತುವಿನಲ್ಲಿ, ಇಲ್ಲ. ತಿಳಿಯುವ ಸಾಧನಕ್ಕೆ ಆ ಯೋಗ್ಯತೆಯೇ ಇಲ್ಲ.

ಇರುವ ವಸ್ತುವೂ ಏಕೆ ಕಾಣದೆ ಹೋಗುತ್ತದೆ ಎಂಬುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಏಳನೆಯ ಕಾರಿಕೆಯಲ್ಲಿ ಎಂಟು ಕಾರಣಗಳನ್ನು ಹೇಳುತ್ತದೆ, ಮತ್ತು ಆ ಎಂಟೂ ಇಂದಿನ ವೈಫೈ ತೊಡಕಿಗೆ ಹೊಂದುವುದು ಆ ವಿಶ್ಲೇಷಣೆ ಎಷ್ಟು ಗಟ್ಟಿಯಾದುದೆಂಬುದಕ್ಕೆ ಸಾಕ್ಷಿ. ಅತಿದೂರವನ್ನು ವಿವರಿಸಬೇಕಾಗಿಲ್ಲ. ಅತಿಸಾಮೀಪ್ಯಕ್ಕೆ ವ್ಯಾಖ್ಯಾನಕಾರರು ಕಣ್ಣಿಗೆ ಹಚ್ಚಿದ ಕಾಡಿಗೆಯನ್ನು ಹೆಸರಿಸುತ್ತಾರೆ. ಆಂಟೆನಾಗೆ ತೀರಾ ಒತ್ತಿ ಇಟ್ಟ ರಿಸೀವರ್ ಸಿಗ್ನಲಿನ ಬಲವನ್ನೇ ತಾಳಲಾರದೆ ತಪ್ಪುವುದು ಅಪರೂಪಕ್ಕಾದರೂ ಉಂಟು. ಇಂದ್ರಿಯಘಾತವೆಂದರೆ ಇಂದ್ರಿಯವೇ ಕೆಟ್ಟಿರುವುದು, ಇಲ್ಲಿ ಅಡಾಪ್ಟರ್. ಮನಸ್ಸಿನ ಅನವಸ್ಥಾನ ಎಂದರೆ ಇಂದ್ರಿಯ ನೆಟ್ಟಗಿದ್ದರೂ ಮನಸ್ಸು ಅದರೊಡನೆ ಸೇರದಿರುವುದು, ಇಲ್ಲಿ ಅಡಾಪ್ಟರನ್ನು ನಡೆಸುವ ಡ್ರೈವರ್ ತಂತ್ರಾಂಶ ಹಾಳಾಗಿರುವುದು ಅಥವಾ ಏರೋಪ್ಲೇನ್ ಮೋಡ್ ಹಾಕಿಕೊಂಡೇ ಉಳಿದಿರುವುದು. ಸೌಕ್ಷ್ಮ್ಯ ಸಿಗ್ನಲಿನ ಕ್ಷೀಣತೆ. ವ್ಯವಧಾನ ನಡುವೆ ಬಂದ ಕಾಂಕ್ರೀಟ್ ಗೋಡೆ ಇಲ್ಲವೆ ಕಬ್ಬಿಣದ ಬೀರು, ಮತ್ತು ಇಂಥ ತಡೆಗೆ 5 ಗಿಗಾಹರ್ಟ್ಸ್ ತರಂಗ 2.4ಕ್ಕಿಂತ ಬೇಗ ಸೋಲುತ್ತದೆ.

ಉಳಿದ ಎರಡು ಕಾರಣಗಳು ಹೆಚ್ಚು ಗಮನಕ್ಕೆ ಅರ್ಹವಾದವು, ಏಕೆಂದರೆ ತೊಡಕು ಹುಡುಕುವವರು ಸಾಮಾನ್ಯವಾಗಿ ಮರೆಯುವುದು ಇವನ್ನೇ. ಅಭಿಭವವೆಂದರೆ ಬಲವಾದುದು ದುರ್ಬಲವಾದುದನ್ನು ಮುಚ್ಚಿಹಾಕುವುದು, ಹಗಲಿನಲ್ಲಿ ಸೂರ್ಯನ ಪ್ರಭೆ ನಕ್ಷತ್ರಗಳನ್ನು ಮುಚ್ಚುವಂತೆ. ಮೈಕ್ರೋವೇವ್ ಒಲೆ ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಅದು ಓಡುತ್ತಿರುವಷ್ಟು ಹೊತ್ತು ಅಡುಗೆಮನೆಯ ಹತ್ತಿರದ ವೈಫೈ ಕುಂಟುತ್ತದೆ, ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ ಸಹ ಇದೇ ಆವರ್ತನ ಪಟ್ಟಿಯಲ್ಲಿ ಗದ್ದಲ ಹೊಮ್ಮಿಸುತ್ತವೆಂದು ಇಂಟೆಲ್ ಸಂಸ್ಥೆ 2012ರಲ್ಲಿ ವಿವರಿಸಿತ್ತು. ಸಮಾನಾಭಿಹಾರವೆಂದರೆ ಸಜಾತೀಯ ವಸ್ತುಗಳ ನಡುವೆ ಬೆರೆತುಹೋಗಿ ಬೇರೆಯಾಗಿ ಕಾಣದಿರುವುದು, ಮಳೆಹನಿ ಕೆರೆಗೆ ಬಿದ್ದಂತೆ ಎಂದು ವ್ಯಾಖ್ಯಾನಕಾರ ವಾಚಸ್ಪತಿಮಿಶ್ರರು ವಿವರಿಸುವ ಸ್ಥಿತಿ. ಹತ್ತಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಎಲ್ಲ ರೌಟರ್‌ಗಳೂ ಒಂದೇ ಚಾನೆಲ್ ಹಿಡಿದಿದ್ದರೆ ಸಿಗ್ನಲ್ ಪೂರ್ತಿ ಇದೆಯೆಂದು ಪರದೆ ತೋರಿಸುತ್ತಿದ್ದರೂ ಕೆಲಸ ಸಾಗುವುದಿಲ್ಲ; 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೆಯ ಚಾನೆಲ್‌ಗಳು ಒಂದರ ಮೇಲೊಂದು ಏರದಿರುವುದರಿಂದ ಅವುಗಳಲ್ಲಿ ಖಾಲಿಯಿರುವುದನ್ನು ಆರಿಸುವುದೇ ಇದಕ್ಕೆ ಪರಿಹಾರ.

ಕಂಪ್ಯೂಟರ್ ತಾನೇ ಹೇಳುವ ‘ಸಂಪರ್ಕವಿದೆ, ಇಂಟರ್‌ನೆಟ್ ಇಲ್ಲ’ ಎಂಬ ಮಾತನ್ನೂ ಇದೇ ಒರೆಗೆ ಹಚ್ಚಬೇಕು. ವಿಂಡೋಸ್ ಈ ನಿರ್ಣಯಕ್ಕೆ ಬರುವುದು ಮೈಕ್ರೋಸಾಫ್ಟಿನ ಒಂದು ಸರ್ವರಿನಿಂದ ಚಿಕ್ಕದೊಂದು ಕಡತವನ್ನು ಕೇಳಿ, ನಿರೀಕ್ಷಿಸಿದ ಉತ್ತರ ಬಂತೇ ಎಂದು ನೋಡಿ. ಆ ಸರ್ವರಿಗೆ ಹೋಗುವ ದಾರಿಯನ್ನು ಫೈರ್‌ವಾಲ್ ತಡೆದಿದ್ದರೆ ಉಳಿದ ಇಡೀ ಜಾಲ ತೆರೆದಿದ್ದರೂ ‘ಇಲ್ಲ’ ಎಂಬ ಸೂಚನೆಯೇ ಬರಬಹುದು. ದೂರದ ಯಂತ್ರ ಓಗೊಡುತ್ತದೆಯೇ ಎಂದು ಪರೀಕ್ಷಿಸುವ ಪಿಂಗ್ ಆದೇಶಕ್ಕೂ ಇದೇ ಮಿತಿಯಿದೆ, ಏಕೆಂದರೆ ಪಿಂಗ್‌ಗೆ ಉತ್ತರಿಸದಂತೆ ಹೊಂದಿಸಿದ ಯಂತ್ರಗಳು ಬೇಕಾದಷ್ಟಿವೆ. ಇದಕ್ಕೆ ವಿರುದ್ಧವಾಗಿ, ಕಂಪ್ಯೂಟರಿನ ವಿಳಾಸ 169.254ರಿಂದ ಆರಂಭವಾಗಿದ್ದರೆ ಅದೊಂದು ಭಾವರೂಪದ ಹೇತು, ಅಂದರೆ ನಿಜವಾಗಿ ಕಾಣಸಿಕ್ಕ ಕುರುಹು: ರೌಟರಿನಿಂದ ವಿಳಾಸ ದೊರೆಯದೆ ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅದರಿಂದ ಅನುಮಾನಿಸಬಹುದು. ಇಂಥ ಒಂದು ಕುರುಹು ಹತ್ತು ಅನುಪಲಬ್ಧಿಗಳಿಗಿಂತ ಮೇಲು.

ಸಾಂಖ್ಯಕಾರಿಕೆಯ ಮುಂದಿನ ನಡೆ ಅಷ್ಟೇ ಮುಖ್ಯವಾದುದು. ಪ್ರಕೃತಿ, ಅಂದರೆ ಜಗತ್ತಿನ ಮೂಲದ್ರವ್ಯ, ಕಾಣದಿರುವುದು ಸೌಕ್ಷ್ಮ್ಯದಿಂದಲೇ ಹೊರತು ಅಭಾವದಿಂದಲ್ಲ ಎಂದ ಕೂಡಲೇ ಈಶ್ವರಕೃಷ್ಣನು ಅದರ ಕಾರ್ಯಗಳಿಂದ ಅದು ತಿಳಿದುಬರುತ್ತದೆ ಎಂದೂ ಸೇರಿಸುತ್ತಾನೆ, ಏಕೆಂದರೆ ಕಾಣದಿರುವುದಕ್ಕೆ ಕಾರಣ ಕೊಟ್ಟ ಮಾತ್ರಕ್ಕೆ ವಸ್ತು ಇದೆಯೆಂದಾಗುವುದಿಲ್ಲ. ಈಶ್ವರನ ಚರ್ಚೆಯಲ್ಲೂ ಹೀಗೆಯೇ: ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ, ಅಂದರೆ ಅಧ್ಯಾಯದಲ್ಲಿ, ನೈಯಾಯಿಕರಾದ ಉದಯನಾಚಾರ್ಯರು, ಈಶ್ವರ ಕಾಣುವುದಿಲ್ಲವಾದ್ದರಿಂದ ಇಲ್ಲವೆಂಬ ಆಕ್ಷೇಪಕ್ಕೆ, ಪ್ರತ್ಯಕ್ಷಕ್ಕೆ ಯೋಗ್ಯನೇ ಅಲ್ಲದವನ ಅನುಪಲಬ್ಧಿ ಬಾಧಕವಾಗದು ಎಂದು ಉತ್ತರಿಸಿದರು. ಆ ಉತ್ತರ ನಿರಾಕರಣೆಯನ್ನು ತಡೆಯಿತಷ್ಟೆ. ಈಶ್ವರನಿದ್ದಾನೆಂದು ಸಾಧಿಸಲು ಅವರು ಅನುಮಾನಗಳನ್ನು, ಅಂದರೆ ಕುರುಹಿನಿಂದ ಹೊರಡುವ ತರ್ಕಗಳನ್ನು, ಬೇರೆಯಾಗಿಯೇ ಕಟ್ಟಬೇಕಾಯಿತು.

ವೈಫೈಯ ಮಟ್ಟಿಗೆ ಯೋಗ್ಯತೆಯನ್ನು ಪರೀಕ್ಷಿಸುವುದು ಸುಲಭ: ಎರಡೂ ಆವರ್ತನ ಪಟ್ಟಿಗಳನ್ನು ಬಲ್ಲ ಮೊಬೈಲೊಂದನ್ನು ಲ್ಯಾಪ್‌ಟಾಪ್ ಇದ್ದಲ್ಲೇ ಹಿಡಿದಾಗ ಅದರಲ್ಲಿ ಹೆಸರು ಕಂಡರೆ ಕೊರತೆ ಲ್ಯಾಪ್‌ಟಾಪಿನದು, ಅದರಲ್ಲೂ ಕಾಣದಿದ್ದರೆ ರೌಟರಿನತ್ತ ತಿರುಗಬೇಕು. ಈಶ್ವರನ ವಿಷಯದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಒಪ್ಪುವ ಅಂಥ ಎರಡನೆಯ ಸಾಧನವಿಲ್ಲ. ಸಾಧನದ ಯೋಗ್ಯತೆಯ ಬಗೆಗಿನ ಈ ಎಚ್ಚರ ಮಧ್ವಮತದಲ್ಲೂ ಕಾಣುತ್ತದೆ: ನಿರ್ದೋಷವಾದ ಇಂದ್ರಿಯಕ್ಕೆ ನಿರ್ದೋಷವಾದ ವಿಷಯದೊಡನೆ ಆಗುವ ಸನ್ನಿಕರ್ಷ, ಅಂದರೆ ಸಂಬಂಧ, ಪ್ರತ್ಯಕ್ಷವೆಂದು ಪ್ರಮಾಣಪದ್ಧತಿಯಲ್ಲಿ ನಿರೂಪಿಸಿ ಎರಡೂ ಕಡೆಯ ದೋಷಗಳನ್ನು ಎಣಿಸಿದ ಜಯತೀರ್ಥರು ಆ ಮತದ ಟೀಕಾಚಾರ್ಯರು. ಇಂದ್ರಿಯದ ದೋಷಗಳನ್ನು ಅಷ್ಟು ಎಚ್ಚರದಿಂದ ವಿಚಾರಿಸಿದ ಆ ಪರಂಪರೆಯೇ ಬ್ರಹ್ಮನ, ಅಂದರೆ ಪರಮಾತ್ಮನ, ವಿಷಯದಲ್ಲಿ ಪ್ರತ್ಯಕ್ಷವನ್ನೂ ಸ್ವತಂತ್ರವಾದ ಅನುಮಾನವನ್ನೂ ನಂಬದೆ ಆಗಮವನ್ನೇ, ಅಂದರೆ ಶಾಸ್ತ್ರವಾಕ್ಯವನ್ನೇ, ಮುಖ್ಯ ಪ್ರಮಾಣವಾಗಿ ಹಿಡಿಯಿತು.