ಬಾಟಲಿಯ ಮೇಲೆ ಯಾರ ಹೆಸರು?

  

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ಸಹೋದರಿ ಬಂದು ಕೇಳಿದಳು: "ಪಾಸ್ಟರ್, ಫಿಲ್ಮ್ ಸ್ಟಾರ್ ಹೆಸರಿನ ಪರ್ಫ್ಯೂಮ್ ತಗೊಂಡ್ರೆ ತಪ್ಪಾ?" ನಮ್ಮ ಹಿರಿಯರ ಕಾಲದಲ್ಲಾಗಿದ್ರೆ ಉತ್ತರ ಒಂದೇ ಮಾತಲ್ಲಿ ಮುಗೀತಿತ್ತು. ಒಡವೆ ಬೇಡ, ಸಿನಿಮಾ ಬೇಡ, ಸೆಂಟ್ ಬೇಡ. ನಾನು ಹಾಗೆ ಹೇಳಲಿಲ್ಲ. "ಮುಂದಿನ ವಾರ ಹೇಳ್ತೀನಮ್ಮ" ಅಂದೆ. ಯಾಕಂದ್ರೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು. ಬಾಟಲಿಯ ಮೇಲೆ ಒಬ್ಬರ ಹೆಸರು ಇದ್ದರೆ, ಒಳಗೆ ಇರೋದೂ ಅವರದ್ದೇ ಆಗಿರಬೇಕಾ?

ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತೆ ನೋಡೋಣ. ನಟಿ ಎಲಿಜಬೆತ್ ಟೇಲರ್ 1987ರಲ್ಲಿ 'ಪ್ಯಾಶನ್', 1991ರಲ್ಲಿ 'ವೈಟ್ ಡೈಮಂಡ್ಸ್' ಅನ್ನುವ ಸುಗಂಧಗಳನ್ನು ತಂದರು. ಎರಡನೆಯದು ಎಷ್ಟು ಗೆದ್ದಿತು ಅಂದ್ರೆ ಅವರು ತೀರಿಕೊಂಡ ಮೇಲೂ ಅಂಗಡಿಯಲ್ಲಿ ಮಾರಾಟವಾಗ್ತಾ ಇದೆ. ಆಮೇಲೆ 2002ರಲ್ಲಿ ಜೆನಿಫರ್ ಲೋಪೆಜ್ ಅವರ 'ಗ್ಲೋ', 2004ರಲ್ಲಿ ಬ್ರಿಟ್ನಿ ಸ್ಪಿಯರ್ಸ್ ಅವರ 'ಕ್ಯೂರಿಯಸ್'. ಸಾಮಾನ್ಯವಾಗಿ ಇದು ನಡೆಯುವ ರೀತಿ ಹೀಗೆ: ತಾರೆ ತನ್ನ ಹೆಸರನ್ನು ಬಳಸಲು ಒಂದು ಕಂಪನಿಗೆ ಲೈಸೆನ್ಸ್ ಕೊಡುತ್ತಾರೆ. ಕಂಪನಿ ಹಣ ಹಾಕುತ್ತೆ, ಬಾಟಲಿ ಮಾಡಿಸುತ್ತೆ, ಜಾಹೀರಾತು ಕೊಡುತ್ತೆ. ಮಾರಾಟದಲ್ಲಿ ತಾರೆಗೆ ರಾಯಲ್ಟಿ. ಒಳಗಿನ ಸುಗಂಧವನ್ನು ಬೆರೆಸುವವರು ಮೂರನೆಯವರು, ವರ್ಷಗಟ್ಟಲೆ ಅದನ್ನೇ ಕಲಿತ ಪರ್ಫ್ಯೂಮರ್‌ಗಳು. ವೈಟ್ ಡೈಮಂಡ್ಸ್ ಮಾಡಿದವರು ಕಾರ್ಲೋಸ್ ಬೆನಾಯಿಮ್. ಎಷ್ಟು ಜನಕ್ಕೆ ಆ ಹೆಸರು ಗೊತ್ತು? ಬಾಟಲಿ ಮೇಲೆ ಅದು ಇಲ್ಲ.

ಇನ್ನೊಂದು ಕಥೆ ನನ್ನನ್ನು ಹೆಚ್ಚು ಕಾಡಿತು. ಅಮೆರಿಕದ ನಟಿ ಸಾರಾ ಜೆಸ್ಸಿಕಾ ಪಾರ್ಕರ್ 2005ರಲ್ಲಿ ಕೋಟಿ ಕಂಪನಿಯ ಜೊತೆ 'ಲವ್ಲಿ' ಅನ್ನುವ ಪರ್ಫ್ಯೂಮ್ ತಂದರು. ಅದು ಹುಟ್ಟಿದ ಬಗೆಯನ್ನು ಚಾಂಡ್ಲರ್ ಬರ್ ಎಂಬ ಲೇಖಕರು 'ದಿ ಪರ್ಫೆಕ್ಟ್ ಸೆಂಟ್' ಪುಸ್ತಕದಲ್ಲಿ ಬರೆದಿದ್ದಾರೆ. ಈ ನಟಿ ಸುಮ್ಮನೆ ಸಹಿ ಹಾಕಿ ಹೋದವರಲ್ಲ. ಸುಗಂಧದ ಬಗ್ಗೆ ನಿಜವಾದ ಆಸೆ ಇದ್ದವರು. ವರ್ಷಗಳಿಂದ ಅವರು ಮೂರು ವಾಸನೆಗಳನ್ನು ಒಂದರ ಮೇಲೊಂದು ಹಚ್ಚಿಕೊಳ್ತಿದ್ರು. ಒಂದು, ಮೆಡಿಕಲ್ ಶಾಪಿನಲ್ಲಿ ಸಿಗುವ ಅಗ್ಗದ ಮಸ್ಕ್. ಎರಡು, ಬೀದಿ ವ್ಯಾಪಾರಿಯಿಂದ ಕೊಂಡ ಎಣ್ಣೆ. ಮೂರನೆಯದು 'ಅವಿನ್ಯೋ', ಹಳೆಯ ಚರ್ಚಿನ ಧೂಪದ ವಾಸನೆ ಬರುವ ಪರ್ಫ್ಯೂಮ್. ಆ ಮೂರೂ ಸೇರಿದ ಗಾಢ ವಾಸನೆಯೇ ಅವರ ಗುರುತು.

ಆದರೆ ಲವ್ಲಿ ಆ ವಾಸನೆ ಅಲ್ಲ. ಲವ್ಲಿ ಅದಕ್ಕಿಂತ ಹಗುರ, ಮೃದು, ಎಲ್ಲರಿಗೂ ಒಪ್ಪಿಗೆ ಆಗುವಂಥದ್ದು. ಅವರ ಸ್ವಂತ ಮಿಶ್ರಣಕ್ಕೆ ಹತ್ತಿರವಾದದ್ದು 'ಸ್ಟ್ಯಾಷ್' ಅನ್ನುವ ಹೆಸರಲ್ಲಿ ಬಂದದ್ದು 2016ರಲ್ಲಿ. ಹನ್ನೊಂದು ವರ್ಷ ಆದಮೇಲೆ! ಅಲ್ಲಿವರೆಗೂ ಲವ್ಲಿ ಹಚ್ಚಿಕೊಂಡು "ನಾನೀಗ ಆಕೆಯ ಹಾಗೇ ಘಮಘಮಿಸ್ತೀನಿ" ಅಂದುಕೊಂಡ ಹುಡುಗಿಯರು ಎಷ್ಟು ಜನ ಇದ್ದರೋ.

ಇದು ಮೋಸವಾ? ಆತುರಪಟ್ಟು ಹೌದು ಅನ್ನಬೇಡಿ. ಲವ್ಲಿ ಒಳ್ಳೆಯ ಸುಗಂಧ ಅಂತ ಬಲ್ಲವರೇ ಹೊಗಳಿದ್ದಾರೆ. ಅದನ್ನು ಬೆರೆಸಿದ ಇಬ್ಬರು ಪರ್ಫ್ಯೂಮರ್‌ಗಳು ಪ್ರಾಮಾಣಿಕವಾಗಿ ದುಡಿದರು. ನಟಿಯೂ ಕೂತು ಮೂಸಿ ನೋಡಿ, ಬೇಕು ಬೇಡ ಹೇಳಿ, ಜೊತೆಗಿದ್ದರು. ಯಾರೂ ಸುಳ್ಳು ಹೇಳಲಿಲ್ಲ. ಹಾಗಿದ್ದರೂ ಹೆಸರಿಗೂ ಒಳಗಿರುವುದಕ್ಕೂ ನಡುವೆ ಒಂದು ದೂರ ಇತ್ತು. ಕೊಳ್ಳುವವರಿಗೆ ಆ ದೂರ ಕಾಣಲ್ಲ. ಅವರು ಸುಗಂಧದ ಜೊತೆ ಹತ್ತಿರವನ್ನೂ ಕೊಳ್ಳುತ್ತಾರೆ. ತಾನು ಮೆಚ್ಚಿದವರ ಹತ್ತಿರ ಇರಬೇಕು ಅನ್ನುವ ಆಸೆ. ಆ ಆಸೆಯನ್ನು ನಾನು ಗೇಲಿ ಮಾಡಲ್ಲ ಪ್ರಿಯರೇ. ಪೀಜಿ ರೂಮಿನಲ್ಲಿ ಒಬ್ಬಳೇ ಇರುವ ಹುಡುಗಿ, ಮೊದಲ ಸಂಬಳದಲ್ಲಿ ಒಂದು ಬಾಟಲಿ ಕೊಂಡರೆ, ಅವಳು ಹುಡುಕ್ತಿರೋದು ಏನು ಅಂತ ನನಗೆ ಅರ್ಥ ಆಗುತ್ತೆ.

ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆಗೀರಿ. ಎಫೆಸದಲ್ಲಿ ಸ್ಕೇವನ ಏಳು ಮಂದಿ ಮಕ್ಕಳು. ಪೌಲನ ಕೈಯಿಂದ ಅದ್ಭುತಗಳು ನಡೀತಾ ಇದ್ದವು. ಇವರು ನೋಡಿದರು: ಯೇಸು ಅನ್ನುವ ಹೆಸರು ಹೇಳಿದರೆ ಕೆಲಸ ಆಗುತ್ತೆ! ಸರಿ, ನಾವೂ ಹೇಳೋಣ ಅಂತ ಹೊರಟರು. ಪೌಲನು ಸಾರುವ ಯೇಸುವಿನ ಹೆಸರು ಹೇಳಿ ದೆವ್ವಕ್ಕೆ ಆಜ್ಞೆ ಕೊಟ್ಟರು. ಆ ದುರಾತ್ಮ ಏನಂತು? ಯೇಸುವಿನ ಗುರುತು ನನಗಿದೆ, ಪೌಲನೂ ಗೊತ್ತು, ನೀವು ಯಾರಪ್ಪಾ? ಕೊನೆಗೆ ಪೆಟ್ಟು ತಿಂದು, ಬಟ್ಟೆ ಇಲ್ಲದೆ ಆ ಮನೆಯಿಂದ ಓಡಿದರು. ಗಮನಿಸಿ, ಅವರು ಹೇಳಿದ ಹೆಸರು ಸರಿಯಾದದ್ದೇ. ಹೆಸರಿನಲ್ಲಿ ತಪ್ಪಿರಲಿಲ್ಲ. ಆ ಹೆಸರಿನವನ ಪರಿಚಯ ಅವರಿಗಿರಲಿಲ್ಲ.

ನಟಿಯ ಕಂಪನಿಯಾದರೂ ಲೈಸೆನ್ಸ್ ಕೇಳಿ ತಗೊಳ್ಳುತ್ತೆ. ಒಪ್ಪಂದ ಬರೆಯುತ್ತೆ, ಅವರ ಒಪ್ಪಿಗೆ ಇಲ್ಲದೆ ಅವರ ಹೆಸರನ್ನು ಮಾರುಕಟ್ಟೆಗೆ ಬಿಡಲ್ಲ. ನಾವು? "ಕರ್ತನು ನನಗೆ ಹೇಳಿದನು" ಅನ್ನುವ ಲೇಬಲ್ ಅಂಟಿಸೋಕೆ ಎಷ್ಟು ಹೊತ್ತು ಬೇಕು? ಮದುವೆ ಬೇಡ ಅನ್ನೋಕೆ ಧೈರ್ಯ ಇಲ್ಲ, "ದೇವರು ಬೇಡ ಅಂದರು" ಅಂತೀವಿ. ಕೆಲಸ ಬಿಡೋಕೆ ಮನಸ್ಸಾಗಿದೆ, "ಕರ್ತನು ನಡೆಸ್ತಿದ್ದಾನೆ" ಅಂತೀವಿ. ಎಣ್ಣೆ ಬಾಟಲಿಯ ಮೇಲೆ ಸೇವಕನ ಫೋಟೋ ಹಾಕಿ, ಅಭಿಷೇಕ ತೈಲ ಅಂತ ಬೆಲೆ ಕಟ್ಟಿ ಮಾರುವವರು ನಮ್ಮವರಲ್ಲೇ ಇದ್ದಾರೆ. ಇದನ್ನು ಹೊರಗಿನವರ ಬಗ್ಗೆ ಹೇಳ್ತಿಲ್ಲ.

ನನ್ನದೇ ಒಂದು ವಿಷಯ ಹೇಳ್ತೀನಿ. ನಾನು ಸೇವೆಗೆ ಬಂದ ಹೊಸತು. ಒಬ್ಬ ತಾಯಿ ಐಸಿಯುನಲ್ಲಿದ್ದರು. ಹೊರಗೆ ಅವರ ಮಗಳು ಅಳ್ತಾ ಇದ್ದಳು. ನಾನು ಅವಳ ತಲೆ ಮೇಲೆ ಕೈಯಿಟ್ಟು, ಗಟ್ಟಿ ಸ್ವರದಲ್ಲಿ, "ಕರ್ತನು ಹೇಳುತ್ತಾನೆ, ನಿನ್ನ ತಾಯಿ ಎದ್ದು ಬರುತ್ತಾಳೆ" ಅಂದೆ. ಸುತ್ತ ಇದ್ದವರು ಆಮೆನ್ ಅಂದರು. ಮೂರನೇ ದಿನ ಆ ತಾಯಿ ತೀರಿಕೊಂಡರು. ಮಣ್ಣು ಮುಗಿದು ಕೆಲವು ದಿನ ಆದಮೇಲೆ ಅವಳು ಬಂದು ನಿಧಾನವಾಗಿ ಕೇಳಿದಳು: "ಪಾಸ್ಟರ್, ಅವತ್ತು ಕರ್ತನು ಹೇಳಿದ್ದಾ, ನೀವು ಹೇಳಿದ್ದಾ?"

ನಾನು ಹೇಳಿದ್ದು. ನನ್ನ ಆಸೆಯನ್ನು, ನನ್ನ ಭಯವನ್ನು ಬಾಟಲಿಗೆ ತುಂಬಿ, ಮೇಲೆ ಆತನ ಹೆಸರು ಬರೆದಿದ್ದೆ. ಅವಳ ಕೈಯಲ್ಲಿ ಕ್ಷಮೆ ಕೇಳಿಕೊಂಡೆ. ಅವಳು ಕ್ಷಮಿಸಿದಳು. ಆದರೆ ಯಾರಾದರೂ "ಕರ್ತನು ಹೇಳುತ್ತಾನೆ" ಅಂದಾಗಲೆಲ್ಲ ಅವಳು ತಲೆ ತಗ್ಗಿಸಿಕೊಳ್ಳೋದನ್ನ ನಾನು ಬಹಳ ವರ್ಷ ನೋಡಿದೆ. ಆತನ ಹೆಸರಿಗೆ ನಾನು ಮಾಡಿದ ನಷ್ಟ ಅದು.

ಪ್ರಸಂಗಿ 7ನೇ ಅಧ್ಯಾಯದ ಮೊದಲ ವಚನದಲ್ಲಿ ಜ್ಞಾನಿ ಹೆಸರನ್ನೂ ಪರಿಮಳ ತೈಲವನ್ನೂ ಪಕ್ಕದಲ್ಲಿಟ್ಟು ತೂಗುತ್ತಾನೆ, ಒಳ್ಳೆಯ ಹೆಸರೇ ಮೇಲು ಅನ್ನುತ್ತಾನೆ. ಹೀಬ್ರೂವಿನಲ್ಲಿ ಹೆಸರಿಗೆ ಶೇಮ್, ತೈಲಕ್ಕೆ ಶೆಮೆನ್. ಕೇಳೋಕೆ ಒಂದೇ ಥರ. ತೈಲವನ್ನು ಇವತ್ತು ಕೊಂಡು ಇವತ್ತೇ ಹಚ್ಚಬಹುದು. ಹೆಸರು ಹಾಗಲ್ಲ, ಅದು ಬಾಳಿದ ಮೇಲೆ ಬರುತ್ತೆ.

ಈಗ ಬೇಥಾನ್ಯಕ್ಕೆ ಬನ್ನಿ. ಅಚ್ಚ ಜಟಾಮಾಂಸಿ ತೈಲ. ಆ ಗಿಡ ಬೆಳೆಯೋದು ನಮ್ಮ ಹಿಮಾಲಯದ ಕಡೆ. ಅಷ್ಟು ದೂರದಿಂದ ಬಂದದ್ದು. ಬೆಲೆ ಮುನ್ನೂರು ದಿನಾರಿ, ಒಬ್ಬ ಕೂಲಿಯವನ ಸುಮಾರು ಒಂದು ವರ್ಷದ ದುಡಿಮೆ. ಯೂದನು ತಕ್ಷಣ ರೇಟ್ ಹೇಳಿದ. ಮಾರ್ಕನ ಸುವಾರ್ತೆಯಲ್ಲಿ ಆ ಸ್ತ್ರೀ ಭರಣಿಯನ್ನೇ ಒಡೆದು ಸುರಿಯುತ್ತಾಳೆ, ಮತ್ತೆ ಮುಚ್ಚಿಡೋ ಹಾಗಿಲ್ಲ. ಇನ್ನೊಂದು ವಿಷಯ, ಮಾರ್ಕನು ಅವಳ ಹೆಸರನ್ನೇ ಬರೆದಿಲ್ಲ. ಮರಿಯ ಅಂತ ಹೇಳೋದು ಯೋಹಾನನು. ಮಾರ್ಕನ ಪುಟದಲ್ಲಿ ಅವಳಿಗೆ ಹೆಸರಿಲ್ಲ. ಆದರೂ ಸುವಾರ್ತೆ ಸಾರುವ ಕಡೆಯಲ್ಲೆಲ್ಲ ಅವಳು ಮಾಡಿದ್ದನ್ನು ಹೇಳುವರು ಅಂತ ಕರ್ತನೇ ಮಾತು ಕೊಟ್ಟ. ಇವತ್ತು ನಾವು ಹೇಳ್ತಿದ್ದೀವಲ್ಲ!

ಆ ಸಹೋದರಿಗೆ ನನ್ನ ಉತ್ತರ ಇದು. ಪರ್ಫ್ಯೂಮ್ ತಗೊಳ್ಳಮ್ಮ, ತಪ್ಪಿಲ್ಲ. ಆದರೆ ಅಂಗಡಿಯಲ್ಲಿ ಹೆಸರು ನೋಡದೆ, ಕಣ್ಣು ಮುಚ್ಚಿ ಮೂಸಿ ನೋಡು. ಮೊದಲು ಬರೋ ವಾಸನೆ ಸ್ವಲ್ಪ ಹೊತ್ತಲ್ಲಿ ಹಾರಿಹೋಗುತ್ತೆ. ಒಂದೆರಡು ಗಂಟೆ ಬಿಟ್ಟು ಕೈಯಲ್ಲಿ ಏನು ಉಳಿದಿದೆ ನೋಡು. ಅದು ಇಷ್ಟವಾದರೆ, ನಿನ್ನ ಕೈಗೆಟುಕಿದರೆ, ಖುಷಿಯಾಗಿ ತಗೋ. ಹೆಸರಿಗಾಗಿ ಸಾಲ ಮಾಡಬೇಡ.

ಮತ್ತೆ ನಮ್ಮೆಲ್ಲರಿಗೂ ಒಂದು ಮಾತು. ನಾವು ಹಚ್ಚಿಕೊಂಡ ಸುಗಂಧ ಸ್ವಲ್ಪ ಹೊತ್ತಾದರೆ ನಮ್ಮ ಮೂಗಿಗೇ ತಿಳಿಯಲ್ಲ, ಪಕ್ಕದಲ್ಲಿದ್ದವರಿಗೆ ತಿಳಿಯುತ್ತೆ. ಪೌಲನು ಕೊರಿಂಥದವರಿಗೆ ನಾವು ಕ್ರಿಸ್ತನ ಪರಿಮಳ ಅಂತ ಬರೆದ. ಹಾಗಾದರೆ ಈ ವಾರ ನಿಮ್ಮ ಮನೆಯವರನ್ನು, ಆಫೀಸಿನಲ್ಲಿ ಪಕ್ಕದ ಸೀಟಿನವರನ್ನು ಕೇಳಿ: ನನ್ನ ಜೊತೆ ಇರೋದು ನಿಮಗೆ ಹೇಗಿದೆ? ಕೇಳೋಕೆ ಭಯ ಆದರೆ, ಆ ಭಯದ ಜೊತೆಯೇ ಮೊಣಕಾಲೂರಿ.

ಪ್ರಾರ್ಥನೆ ಮಾಡೋಣ. ತಂದೆಯೇ, ನೀನು ಹೇಳದ ಮಾತಿಗೆ ನಿನ್ನ ಹೆಸರು ಅಂಟಿಸಿದ್ದನ್ನು ಕ್ಷಮಿಸು. ನಮ್ಮ ಮಾತು ನಂಬಿ ನೊಂದವರನ್ನು ನೀನೇ ಮುಟ್ಟಿ ಗುಣಪಡಿಸು. ಗೊತ್ತಿಲ್ಲದಾಗ "ಗೊತ್ತಿಲ್ಲ" ಅನ್ನುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆ ನಾಮದ ಭಯದಿಂದಲೇ ಬೇಡುತ್ತೇವೆ. ಆಮೆನ್.