ಹಿರಿಯರ ಮಾತಿಗೆ ಕಿವಿಗೊಡೋಣ



ಪ್ರವಾದಿ ಯಾಕೂಬ್(ಅ)ರು ಪುತ್ರವಿಯೋಗದ ದುಃಖದಲ್ಲಿ ದೃಷ್ಟಿಯನ್ನೇ ಕಳೆದುಕೊಂಡರೆಂದು ಪವಿತ್ರ ಕುರ್‌ಆನಿನ ಸೂರಃ ಯೂಸುಫ್‌ನಲ್ಲಿದೆ. ಅವರು ಯೂಸುಫರನ್ನು ನೆನೆದಾಗ ಮನೆಯವರು ಸಂತೈಸಲಿಲ್ಲ. ಇದೇ ನೆನಪಿನಲ್ಲಿ ಸವೆದುಹೋಗುವಿರಿ ಎಂದು ಬೇಸರಪಟ್ಟರು. ಆ ವೃದ್ಧ ತಂದೆ ತಮ್ಮ ಅಳಲನ್ನು ಅಲ್ಲಾಹನಲ್ಲೇ ತೋಡಿಕೊಂಡರು. ಮನೆ ತುಂಬ ಮಕ್ಕಳಿದ್ದೂ ಕೇಳುವವರಿಲ್ಲದಿರುವುದೇ ನಿಜವಾದ ಒಂಟಿತನ.

ಜಗತ್ತಿನಲ್ಲಿ 6 ಮಂದಿಗೊಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ವರದಿ ಮಾಡಿತು. ಅಂಥವರನ್ನು ಹುಡುಕಲು ನಾವು ಸಾಲಗಾಮೆ ಬಿಟ್ಟು ಹೋಗಬೇಕಾಗಿಲ್ಲ. ಮಗ ಬೆಂಗಳೂರಿನಲ್ಲಿ, ಮೊಮ್ಮಕ್ಕಳ ಕಣ್ಣು ಮೊಬೈಲಿನಲ್ಲಿ. ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟವಿದೆ, ಮಾತ್ರೆಯಿದೆ, ಮಾತಿಲ್ಲ.

ಈ ತಪ್ಪು ನನ್ನದೂ ಹೌದು. ನನ್ನ ದಾದಿ ಬಾಲ್ಯದಲ್ಲಿ ಆಲೂಗಡ್ಡೆ ಮೂಟೆಗಳ ಮೇಲೆ ಕುಳಿತು ಹಾಸನದ ಸಂತೆಗೆ ಹೋದ ಕಥೆ ಹೇಳುತ್ತಿದ್ದರು. ಎತ್ತಿನ ಗಾಡಿ ಕೆಸರಿನಲ್ಲಿ ಹೂತಲ್ಲಿಗೆ ಬಂದಾಗಲೆಲ್ಲ ‘ಪಾಠಕ್ಕೆ ಹೊತ್ತಾಯಿತು ದಾದಿ’ ಎಂದು ಎದ್ದುಬಿಡುತ್ತಿದ್ದೆ. ಈಗ ನನ್ನ ಮಗಳು, ‘ಆಮೇಲೆ ಗಾಡಿ ಎದ್ದಿತೇ ಅಬ್ಬಾ?’ ಎನ್ನುತ್ತಾಳೆ. ನನ್ನಲ್ಲಿ ಉತ್ತರವಿಲ್ಲ. ಕೇಳೋಣವೆಂದರೆ ದಾದಿಯೂ ಇಲ್ಲ.

ನಮ್ಮ ಪ್ರವಾದಿವರ್ಯರು(ಸ) ಹೀಗೆ ಎದ್ದು ಹೋಗುವವರಾಗಿರಲಿಲ್ಲ. ಫಜ್ರ್ ನಮಾಝಿನ ಬಳಿಕ ಅವರು ಸೂರ್ಯೋದಯದವರೆಗೆ ಅಲ್ಲೇ ಕುಳಿತಿರುತ್ತಿದ್ದರು. ಸಹಾಬಿಗಳು ಅಜ್ಞಾನಕಾಲದ ಹಳೆಯ ಸಂಗತಿಗಳನ್ನು ಹೇಳಿಕೊಂಡು ನಗುತ್ತಿದ್ದರು; ಪ್ರವಾದಿವರ್ಯರು(ಸ) ಮುಗುಳ್ನಗುತ್ತಿದ್ದರೆಂದು ಜಾಬಿರ್ ಬಿನ್ ಸಮುರಾ(ರ) ವರದಿ ಮಾಡಿದ್ದಾರೆ (ಮುಸ್ಲಿಮ್). ಮಸೀದಿಯಲ್ಲೇ ಹಳೆಯ ನೆನಪುಗಳಿಗೆ ಎಡೆಯಿತ್ತೆಂದ ಮೇಲೆ ನಮ್ಮ ಮನೆಯ ಜಗಲಿಯಲ್ಲಿ ಏಕಿರಬಾರದು?

ಬರಿದೇ ಕುಳಿತು ಮಾತನಾಡಲು ಸಂಕೋಚವಾದರೆ ಕೈಗೊಂದು ಕೆಲಸವಿರಲಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರು, ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕವಂದಿ ಎಂಬ ಹೊದಿಕೆ ಹೊಲಿಯುತ್ತಾರೆ. ನಮ್ಮ ಮನೆಗಳಲ್ಲೂ ಹಳೆಯ ಸೀರೆಗಳಿವೆ, ಹೊಲಿಗೆ ಬಲ್ಲ ಅಜ್ಜಿಯರಿದ್ದಾರೆ, ಸೂಜಿಗೆ ದಾರ ಪೋಣಿಸಬಲ್ಲ ಎಳೆಯ ಕಣ್ಣುಗಳಿವೆ. ಇದು ಯಾರ ನಿಕಾಹಿನ ಸೀರೆ ಎಂದು ಮಗು ಕೇಳಿದರೆ ಸಾಕು, ಕಥೆ ತಾನಾಗಿ ಹೊರಡುತ್ತದೆ.

ಬರುವ ಶುಕ್ರವಾರ ಅಸ್ರ್ ಬಳಿಕ ಮಕ್ಕಳನ್ನು ಕರೆದುಕೊಂಡು ನೆರೆಯ ಒಬ್ಬ ಹಿರಿಯರ ಬಳಿ ಕುಳಿತುಕೊಳ್ಳಿ. ನೆರೆಯವರು ಯಾವ ಧರ್ಮದವರಾದರೂ ಅವರಿಗೆ ನಮ್ಮ ಮೇಲೆ ಹಕ್ಕಿದೆ. ಕೇಳಿದ ಕಥೆಯನ್ನೇ ಮತ್ತೆ ಹೇಳಿದರೂ ಕೊನೆಯ ತನಕ ಕೇಳಿರಿ. ನಾಳೆ ನಮ್ಮ ಕಥೆಗೂ ಕಿವಿಗಳು ಬೇಕು.

ಹಿರಿಯರ ಮುಂದೆ ಕರುಣೆಯ ರೆಕ್ಕೆ ತಗ್ಗಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.